ಕ್ಯಾನ್ಸರ್ ಔಷಧ ಸಾಗಣೆ ಮತ್ತು ಪ್ರೋಟೀನ್ ವಿಘಟನೆಯಲ್ಲಿ ಪಿಎಚ್‌.ಡಿ.: ನಮ್ಮ ಜಿಲ್ಲೆಗಳ ವಿದ್ಯಾರ್ಥಿಗಳಿಗೆ ಹಂತ ಹಂತದ ಮಾರ್ಗದರ್ಶಿ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಎಂ.ಫಾರ್ಮ್ ಇಲ್ಲವೇ ಜೀವವಿಜ್ಞಾನ, ರಸಾಯನವಿಜ್ಞಾನದ ಎಂ.ಎಸ್ಸಿ. ಮುಗಿಸುವ ಹಂತದಲ್ಲಿರುವವರು ಕೇಳುವ ಪ್ರಶ್ನೆ ಬಹುತೇಕ ಒಂದೇ: ‘ಕ್ಯಾನ್ಸರ್ ಔಷಧದ ಮೇಲೆ ಪಿಎಚ್‌.ಡಿ. ಮಾಡಬೇಕೆಂದಿದೆ, ಎಲ್ಲಿ ಸೇರಬೇಕು?’ ಈ ಪ್ರಶ್ನೆಗೆ ಒಂದು ಸಂಸ್ಥೆಯ ಹೆಸರು ಹೇಳಿ ಕಳಿಸಿದರೆ ಉತ್ತರ ಕೊಟ್ಟಂತಾಗುವುದಿಲ್ಲ. ಯಾವ ಸಮಸ್ಯೆಯ ಮೇಲೆ ಕೆಲಸ ಮಾಡುತ್ತೀರಿ, ಅದಕ್ಕೆ ಯಾವ ಉಪಕರಣ ಬೇಕು, ಖರ್ಚು ಯಾರು ಕೊಡುತ್ತಾರೆ ಎಂಬ ಮೂರು ಸಂಗತಿಗಳು ತಿಳಿಯಾದ ಮೇಲೆ ಸ್ಥಳ ತಾನಾಗಿಯೇ ಗೊತ್ತಾಗುತ್ತದೆ. ಆದ್ದರಿಂದ ಈ ಲೇಖನವೂ ಅದೇ ಕ್ರಮದಲ್ಲಿ ಸಾಗುತ್ತದೆ.

1. ಮೊದಲು ಎರಡು ಕ್ಷೇತ್ರಗಳನ್ನೂ ಅರ್ಥ ಮಾಡಿಕೊಳ್ಳಿ

ಔಷಧ ಸಾಗಣೆ ಎಂದರೆ ಔಷಧವನ್ನು ಬೇಕಾದ ಜಾಗಕ್ಕೆ, ಬೇಕಾದ ಪ್ರಮಾಣದಲ್ಲಿ, ಉಳಿದ ಅಂಗಗಳಿಗೆ ಆದಷ್ಟು ಕಡಿಮೆ ಹಾನಿಯಾಗುವಂತೆ ತಲುಪಿಸುವ ವಿಜ್ಞಾನ. ಡಾಕ್ಸೊರೂಬಿಸಿನ್ ಎಂಬ ಹಳೆಯ ಕ್ಯಾನ್ಸರ್ ಔಷಧ ಹೃದಯದ ಸ್ನಾಯುವಿಗೆ ಹಾನಿ ಮಾಡುತ್ತದೆ. ಅದನ್ನೇ ಲಿಪೊಸೋಮ್‌ನಲ್ಲಿ, ಅಂದರೆ ಕೊಬ್ಬಿನ ಪದರದಿಂದಾದ ಸೂಕ್ಷ್ಮ ಗುಳ್ಳೆಯಲ್ಲಿ, ತುಂಬಿ ಕೊಟ್ಟಾಗ ಆ ಹಾನಿ ತಗ್ಗಿತು. ಡಾಕ್ಸಿಲ್ ಎಂಬ ಹೆಸರಿನ ಈ ಔಷಧಕ್ಕೆ ಅಮೆರಿಕದಲ್ಲಿ 1995ರಲ್ಲಿ ಅನುಮತಿ ಸಿಕ್ಕಿತು. ಪ್ಯಾಕ್ಲಿಟ್ಯಾಕ್ಸೆಲ್ ಔಷಧವನ್ನು ಆಲ್ಬುಮಿನ್ ಪ್ರೋಟೀನಿಗೆ ಕೂಡಿಸಿದ ಅಬ್ರಾಕ್ಸೇನ್ 2005ರಲ್ಲಿ ಬಂತು. ಆದರೆ ಈ ಕ್ಷೇತ್ರದ ಮೂಲ ಸಮಸ್ಯೆ ಇನ್ನೂ ಬಗೆಹರಿದಿಲ್ಲ. ಹಲವು ವರ್ಷಗಳ ಪ್ರಾಣಿ ಪ್ರಯೋಗಗಳನ್ನು ಒಟ್ಟುಗೂಡಿಸಿ 2016ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯ ಪ್ರಕಾರ, ಚುಚ್ಚುಮದ್ದಿನಲ್ಲಿ ಕೊಟ್ಟ ನ್ಯಾನೊಕಣಗಳಲ್ಲಿ, ಅಂದರೆ ಔಷಧ ಹೊರುವ ಅತಿ ಸೂಕ್ಷ್ಮ ಕಣಗಳಲ್ಲಿ, ಗಡ್ಡೆಯನ್ನು ತಲುಪುವುದು ಮಧ್ಯಾಂಕ ಲೆಕ್ಕದಲ್ಲಿ ಶೇ 0.7 ಮಾತ್ರ. ‘ನನ್ನ ನ್ಯಾನೊಕಣ ನೇರವಾಗಿ ಗಡ್ಡೆಗೇ ಹೋಗುತ್ತದೆ’ ಎಂದು ಸಂದರ್ಶನದಲ್ಲಿ ಹೇಳುವ ಅಭ್ಯರ್ಥಿ ಈ ಅಂಕಿಯನ್ನು ಓದಿಲ್ಲ ಎಂಬುದು ತಜ್ಞರಿಗೆ ತಕ್ಷಣ ಗೊತ್ತಾಗುತ್ತದೆ.

ಪ್ರೋಟೀನ್ ವಿಘಟನೆಯ ಕ್ಷೇತ್ರ ಇದಕ್ಕಿಂತ ಹೊಸದು. ನಮ್ಮ ಜೀವಕೋಶಗಳು ಬೇಡವಾದ ಪ್ರೋಟೀನಿಗೆ ಯುಬಿಕ್ವಿಟಿನ್ ಎಂಬ ಚಿಕ್ಕ ಪ್ರೋಟೀನನ್ನು ಗುರುತಾಗಿ ಅಂಟಿಸುತ್ತವೆ. ಆ ಗುರುತು ಬಿದ್ದ ಪ್ರೋಟೀನನ್ನು ಪ್ರೋಟಿಯಾಸೋಮ್ ಎಂಬ ರಚನೆ ತುಂಡರಿಸುತ್ತದೆ. ಈ ವ್ಯವಸ್ಥೆಯನ್ನು ಕಂಡುಹಿಡಿದದ್ದಕ್ಕಾಗಿ ಸಿಚನೋವರ್, ಹರ್ಷ್ಕೊ ಮತ್ತು ರೋಸ್ ಅವರಿಗೆ 2004ರ ರಸಾಯನವಿಜ್ಞಾನದ ನೊಬೆಲ್ ದೊರೆಯಿತು. ಗುರುತು ಅಂಟಿಸುವ ಕಿಣ್ವಕ್ಕೆ ಇ3 ಲೈಗೇಸ್ ಎನ್ನುತ್ತಾರೆ; ಮನುಷ್ಯರಲ್ಲಿ ಇಂಥವು ಸುಮಾರು 600 ಇವೆ. ಕ್ಯಾನ್ಸರ್ ಬೆಳೆಸುವ ಪ್ರೋಟೀನನ್ನೂ ಇ3 ಲೈಗೇಸನ್ನೂ ಒಂದೇ ಅಣುವಿನ ಎರಡು ತುದಿಗಳಿಂದ ಹಿಡಿದು ಹತ್ತಿರ ತಂದರೆ, ಜೀವಕೋಶ ತಾನೇ ಆ ಪ್ರೋಟೀನನ್ನು ನಾಶ ಮಾಡುತ್ತದೆ ಎಂಬ ಉಪಾಯ 2001ರಲ್ಲಿ ಪ್ರಕಟವಾಯಿತು. ಇಂಥ ಅಣುವಿಗೆ ಪ್ರೊಟ್ಯಾಕ್ ಎಂದು ಹೆಸರು. ಎಪಿಎಂಸಿಯ ದಲಾಲರು ಮಾರುವವರನ್ನೂ ಕೊಳ್ಳುವವರನ್ನೂ ಕೂಡಿಸಿ ಮುಂದಿನ ವ್ಯವಹಾರಕ್ಕೆ ಹೋಗುವ ಹಾಗೆ, ಈ ಅಣುವೂ ಒಂದು ಪ್ರೋಟೀನಿನ ಕೆಲಸ ಮುಗಿಸಿ ಇನ್ನೊಂದಕ್ಕೆ ಹೋಗುತ್ತದೆ. ಹಾಗಾಗಿ ಅತಿ ಕಡಿಮೆ ಪ್ರಮಾಣದಲ್ಲೂ ಅದು ಪರಿಣಾಮ ಬೀರಬಲ್ಲದು. ಥಾಲಿಡೋಮೈಡ್ ಮತ್ತು ಲೆನಾಲಿಡೋಮೈಡ್ ಔಷಧಗಳು ಒಂದು ಇ3 ಲೈಗೇಸಿನ ಭಾಗವಾದ ಸೆರೆಬ್ಲಾನ್ ಎಂಬ ಪ್ರೋಟೀನಿಗೆ ಅಂಟಿ ಇದೇ ದಾರಿಯಲ್ಲಿ ಕೆಲಸ ಮಾಡುತ್ತವೆ ಎಂಬುದು 2010ರಿಂದ 2014ರ ನಡುವೆ ಸ್ಪಷ್ಟವಾಯಿತು. ಇವು ಪ್ರೊಟ್ಯಾಕ್‌ಗಿಂತ ಚಿಕ್ಕ ಅಣುಗಳು. ಇವಕ್ಕೆ ಅಣು ಅಂಟು ಎನ್ನಬಹುದು.

ನಮ್ಮ ಭಾಗದ ಫಾರ್ಮಸಿ ವಿದ್ಯಾರ್ಥಿಗಳಿಗೆ ನಾನು ಮುಖ್ಯವಾಗಿ ಹೇಳಬೇಕಾದ ಮಾತು ಇಲ್ಲಿದೆ. ಬಾಯಿಯ ಮೂಲಕ ಕೊಡುವ ಔಷಧದ ಅಣುತೂಕ 500 ಡಾಲ್ಟನ್ ಒಳಗಿದ್ದರೆ ಅನುಕೂಲ ಎಂಬ ನಿಯಮವನ್ನು ನೀವು ಬಿ.ಫಾರ್ಮ್‌ನಲ್ಲೇ ಓದಿದ್ದೀರಿ. ಪ್ರೊಟ್ಯಾಕ್‌ಗಳ ತೂಕ ಸಾಮಾನ್ಯವಾಗಿ 700ರಿಂದ 1,000 ಡಾಲ್ಟನ್ ಆಸುಪಾಸಿನಲ್ಲಿರುತ್ತದೆ. ಅವು ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಜೀವಕೋಶದ ಪೊರೆಯನ್ನು ಸಲೀಸಾಗಿ ದಾಟುವುದೂ ಇಲ್ಲ. ಕರಗದ್ದನ್ನು ಕರಗಿಸುವುದು, ದಾಟದ್ದನ್ನು ದಾಟಿಸುವುದು ಫಾರ್ಮಾಸ್ಯೂಟಿಕ್ಸ್ ವಿಭಾಗದವರು ಎರಡು ವರ್ಷ ಕಲಿತ ವಿದ್ಯೆಯೇ. ಹೊಸ ಅಣುವನ್ನು ಸಂಶ್ಲೇಷಿಸುವ ರಸಾಯನ ಪ್ರಯೋಗಾಲಯ ನಿಮ್ಮ ಕಾಲೇಜಿನಲ್ಲಿ ಇಲ್ಲದಿದ್ದರೂ, ಈಗಾಗಲೇ ಪ್ರಕಟವಾಗಿರುವ ಎಂಜೆಡ್1 ಅಥವಾ ಡಿಬೆಟ್1ನಂಥ ಪ್ರೊಟ್ಯಾಕ್‌ಗಳನ್ನು ಮಿಲಿಗ್ರಾಂ ಲೆಕ್ಕದಲ್ಲಿ ಖರೀದಿಸಿ, ಅವುಗಳ ಸಾಗಣೆಯ ಮೇಲೆ ಸಂಶೋಧನೆ ಮಾಡಲು ಸಾಧ್ಯವಿದೆ. ಎರಡು ಕ್ಷೇತ್ರಗಳು ಕೂಡುವ ಈ ಜಾಗವೇ ನಮ್ಮವರಿಗೆ ಅತ್ಯಂತ ಸೂಕ್ತ ಎಂಬುದು ನನ್ನ ಖಚಿತ ಅಭಿಪ್ರಾಯ.

2. ಅರ್ಹತೆ ಮತ್ತು ನಿಯಮಗಳನ್ನು ತಿಳಿದುಕೊಳ್ಳಿ

ದೇಶದೊಳಗಿನ ಪಿಎಚ್‌.ಡಿ.ಗೆ ಯುಜಿಸಿಯ, ಅಂದರೆ ವಿಶ್ವವಿದ್ಯಾಲಯ ಅನುದಾನ ಆಯೋಗದ, 2022ರ ನಿಯಮಾವಳಿ ಅನ್ವಯಿಸುತ್ತದೆ. ಸ್ನಾತಕೋತ್ತರ ಪದವಿಯಲ್ಲಿ ಶೇ 55 ಅಂಕ ಬೇಕು. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಕೆನೆಪದರಕ್ಕೆ ಸೇರದ ಹಿಂದುಳಿದ ವರ್ಗ, ಅಂಗವಿಕಲರು ಮತ್ತು ಆರ್ಥಿಕವಾಗಿ ದುರ್ಬಲ ವರ್ಗದವರಿಗೆ ಶೇ 5 ರಿಯಾಯಿತಿ ಇದೆ. ಕನಿಷ್ಠ ಅವಧಿ 3 ವರ್ಷ, ಗರಿಷ್ಠ 6 ವರ್ಷ. ಮಹಿಳೆಯರಿಗೆ ಮತ್ತು ಶೇ 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಇನ್ನೂ 2 ವರ್ಷಗಳ ವಿನಾಯಿತಿ ಕೊಡಬಹುದು. ಮಹಿಳೆಯರಿಗೆ ಇಡೀ ಅವಧಿಯಲ್ಲಿ 240 ದಿನಗಳವರೆಗೆ ಹೆರಿಗೆ ಅಥವಾ ಶಿಶುಪಾಲನಾ ರಜೆಯ ಅವಕಾಶವಿದೆ. ಮದುವೆಯಾಗಿದೆ, ಮಗು ಚಿಕ್ಕದು ಎಂದು ಹಿಂಜರಿಯುವ ಹೆಣ್ಣುಮಕ್ಕಳು ಈ ಎರಡು ಅಂಶಗಳನ್ನು ಮನೆಯವರಿಗೆ ತೋರಿಸಬೇಕು.

ಒಬ್ಬ ಪ್ರಾಧ್ಯಾಪಕರು ಏಕಕಾಲಕ್ಕೆ 8, ಸಹ ಪ್ರಾಧ್ಯಾಪಕರು 6, ಸಹಾಯಕ ಪ್ರಾಧ್ಯಾಪಕರು 4 ಮಂದಿಗೆ ಮಾತ್ರ ಮಾರ್ಗದರ್ಶನ ಮಾಡಬಹುದು. ನಿವೃತ್ತಿಗೆ 3 ವರ್ಷಕ್ಕಿಂತ ಕಡಿಮೆ ಇರುವವರು ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ನೀವು ಬಯಸಿದ ಮಾರ್ಗದರ್ಶಕರ ಬಳಿ ಜಾಗ ಖಾಲಿ ಇದೆಯೇ ಎಂದು ಅರ್ಜಿ ಶುಲ್ಕ ಕಟ್ಟುವ ಮುನ್ನವೇ ವಿಚಾರಿಸಿ.

ಮನೆಯಲ್ಲೇ ಕುಳಿತು ವರ್ಷದೊಳಗೆ ಪಿಎಚ್‌.ಡಿ. ಕೊಡಿಸುತ್ತೇವೆ, ವಿದೇಶಿ ವಿಶ್ವವಿದ್ಯಾಲಯದ ಆನ್‌ಲೈನ್ ಪಿಎಚ್‌.ಡಿ. ಕೊಡಿಸುತ್ತೇವೆ ಎಂಬ ಮಧ್ಯವರ್ತಿಗಳನ್ನು ಹತ್ತಿರ ಸೇರಿಸಬೇಡಿ. ಇಂಥ ಆನ್‌ಲೈನ್ ಪದವಿಗಳಿಗೆ ಮಾನ್ಯತೆ ಇಲ್ಲ ಎಂದು ಯುಜಿಸಿ ಮತ್ತು ತಾಂತ್ರಿಕ ಶಿಕ್ಷಣದ ನಿಯಂತ್ರಣ ಸಂಸ್ಥೆಯಾದ ಎಐಸಿಟಿಇ 2022ರಲ್ಲೇ ಎಚ್ಚರಿಸಿವೆ.

3. ಫೆಲೋಶಿಪ್‌ಗೆ ಪ್ರವೇಶಕ್ಕಿಂತ ಮುಂಚೆ ಪ್ರಯತ್ನಿಸಿ

ಫೆಲೋಶಿಪ್ ಇಲ್ಲದೆ ಈ ಕ್ಷೇತ್ರಕ್ಕೆ ಇಳಿಯುವುದು ಕಷ್ಟ. ಪ್ರತಿಕಾಯ, ಜೀವಕೋಶ ಕೃಷಿಯ ಮಾಧ್ಯಮ, ಪ್ಲಾಸ್ಟಿಕ್ ಸಾಮಗ್ರಿ ಎಲ್ಲವೂ ದುಬಾರಿ. ಅವನ್ನು ಕೈಯಿಂದ ಹಾಕಿಕೊಂಡು ಪೂರೈಸುವುದು ಮಧ್ಯಮ ವರ್ಗದ ಕುಟುಂಬಕ್ಕೂ ಭಾರ.

ವಿಜ್ಞಾನ ವಿಷಯಗಳ ರಾಷ್ಟ್ರೀಯ ಅರ್ಹತಾ ಪರೀಕ್ಷೆಯಾದ ಸಿಎಸ್ಐಆರ್-ಯುಜಿಸಿ ನೆಟ್ ಪರೀಕ್ಷೆಗೆ ಜೂನ್ ಮತ್ತು ಡಿಸೆಂಬರ್ ಎಂದು ವರ್ಷಕ್ಕೆ ಎರಡು ಆವೃತ್ತಿಗಳಿವೆ. ಎಂ.ಎಸ್ಸಿ.ಯವರ ಜೊತೆಗೆ ಬಿ.ಫಾರ್ಮ್ ಪದವೀಧರರಿಗೂ ಇದಕ್ಕೆ ಅರ್ಹತೆ ಇದೆ ಎಂಬುದು ನಮ್ಮ ಕಡೆಯ ಅನೇಕ ಫಾರ್ಮಸಿ ವಿದ್ಯಾರ್ಥಿಗಳಿಗೆ ತಿಳಿದೇ ಇಲ್ಲ. ಜೀವವಿಜ್ಞಾನ ಅಥವಾ ರಸಾಯನವಿಜ್ಞಾನದ ಪತ್ರಿಕೆಯನ್ನು ಆರಿಸಿಕೊಳ್ಳಬಹುದು. ಇದರಲ್ಲಿ ಜೆಆರ್‌ಎಫ್, ಅಂದರೆ ಕಿರಿಯ ಸಂಶೋಧನಾ ಫೆಲೋಶಿಪ್, ಪಡೆದವರಿಗೆ 2023ರ ಪರಿಷ್ಕರಣೆಯಂತೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಬಳಿಕ ಹಿರಿಯ ಫೆಲೋ ಆದಾಗ 42,000 ರೂಪಾಯಿ ಮತ್ತು ಮನೆ ಬಾಡಿಗೆ ಭತ್ಯೆ ಸಿಗುತ್ತದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಜೈವಿಕ ತಂತ್ರಜ್ಞಾನ ಇಲಾಖೆಯ ಫೆಲೋಶಿಪ್‌ಗಳು ಬೇರೆ ಇವೆ. ಸ್ನಾತಕೋತ್ತರದಲ್ಲಿ ವಿಶ್ವವಿದ್ಯಾಲಯಕ್ಕೆ ಪ್ರಥಮ ಸ್ಥಾನ ಪಡೆದವರು ಇನ್‌ಸ್ಪೈರ್ ಫೆಲೋಶಿಪ್ ನೋಡಬೇಕು. ಕರ್ನಾಟಕದ ವಿಶ್ವವಿದ್ಯಾಲಯಗಳಲ್ಲಿ ನೋಂದಾಯಿಸಿದವರಿಗೆ ರಾಜ್ಯದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಕೆಸ್ಟೆಪ್ಸ್ ಸಂಸ್ಥೆಯ ಮೂಲಕ ಪಿಎಚ್‌.ಡಿ. ಫೆಲೋಶಿಪ್ ಕೊಡುತ್ತದೆ. ರಾಷ್ಟ್ರೀಯ ಔಷಧ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳಾದ ನೈಪರ್‌ಗಳ ಪಿಎಚ್‌.ಡಿ.ಗೆ ಫಾರ್ಮಸಿಯ ಅರ್ಹತಾ ಪರೀಕ್ಷೆಯಾದ ಜಿಪ್ಯಾಟ್, ಗೇಟ್ ಅಥವಾ ನೆಟ್ ಅರ್ಹತೆ ಕೇಳುತ್ತಾರೆ.

ನಮ್ಮ ಜಿಲ್ಲೆಗಳ ವಿದ್ಯಾರ್ಥಿಗಳು ಎಡವುವುದು ಹೆಚ್ಚಾಗಿ ಕಾಗದಪತ್ರಗಳಲ್ಲಿ. ನಾಡಕಚೇರಿಯಿಂದ ಪಡೆದ 2ಎ ಅಥವಾ 3ಬಿ ಪ್ರಮಾಣಪತ್ರ ರಾಜ್ಯದ ಮೀಸಲಾತಿಗೆ ಮಾತ್ರ ಸಲ್ಲುತ್ತದೆ. ಕೇಂದ್ರದ ಪರೀಕ್ಷೆಯಲ್ಲಿ ಹಿಂದುಳಿದ ವರ್ಗದ ಕಾಲಂ ತುಂಬಬೇಕಾದರೆ ನಿಮ್ಮ ಸಮುದಾಯ ಕೇಂದ್ರದ ಪಟ್ಟಿಯಲ್ಲಿರಬೇಕು, ಪ್ರಮಾಣಪತ್ರ ಕೇಂದ್ರದ ನಮೂನೆಯಲ್ಲಿರಬೇಕು. 3ಬಿ ಅಡಿಯ ಎಲ್ಲ ಸಮುದಾಯಗಳೂ ಆ ಪಟ್ಟಿಯಲ್ಲಿಲ್ಲ. ತಪ್ಪು ವರ್ಗ ತುಂಬಿದರೆ ಪರೀಕ್ಷೆ ಪಾಸಾದ ಮೇಲೂ ದಾಖಲೆ ಪರಿಶೀಲನೆಯಲ್ಲಿ ಆಯ್ಕೆ ಕೈತಪ್ಪುತ್ತದೆ. ಹೆಸರಿನ ವಿಷಯವೂ ಹೀಗೆಯೇ: ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ತಂದೆಯ ಹೆಸರು ಮತ್ತು ಅಡ್ಡಹೆಸರು ಪೂರ್ತಿ ಇದ್ದು, ಆಧಾರ್‌ನಲ್ಲಿ ಬರೀ ಇನಿಶಿಯಲ್ ಇದ್ದರೆ ಈಗಲೇ ಸರಿಪಡಿಸಿಕೊಳ್ಳಿ. ಪಾಸ್‌ಪೋರ್ಟ್ ಮಾಡಿಸುವಾಗ ಇದು ಇನ್ನೂ ದೊಡ್ಡ ತೊಡಕಾಗುತ್ತದೆ.

2024ರ ಜೂನ್‌ನಿಂದ ನೆಟ್ ಅಂಕಗಳೇ ಪಿಎಚ್‌.ಡಿ. ಪ್ರವೇಶಕ್ಕೂ ಬಳಕೆಯಾಗುತ್ತಿವೆ. ಜೆಆರ್‌ಎಫ್ ಸಿಗದಿದ್ದರೂ ‘ಪಿಎಚ್‌.ಡಿ.ಗೆ ಮಾತ್ರ’ ಎಂಬ ಅರ್ಹತೆ ಸಿಗಬಹುದು. ಆಗ ನೆಟ್ ಅಂಕಕ್ಕೆ ಶೇ 70, ಸಂದರ್ಶನಕ್ಕೆ ಶೇ 30 ತೂಕ ಕೊಡುತ್ತಾರೆ. ಈ ಅಂಕ ಒಂದು ವರ್ಷ ಮಾತ್ರ ಚಾಲ್ತಿಯಲ್ಲಿರುವುದರಿಂದ, ಫಲಿತಾಂಶ ಬಂದ ಕೂಡಲೇ ಪ್ರವೇಶ ಪ್ರಕಟಣೆಗಳನ್ನು ಗಮನಿಸಬೇಕು.

4. ಸ್ಥಳ ಆರಿಸುವ ಬಗೆ

ಬೆಳಗಾವಿಯಲ್ಲಿ ಕೆಎಲ್ಇ ಉನ್ನತ ಶಿಕ್ಷಣ ಮತ್ತು ಸಂಶೋಧನಾ ಅಕಾಡೆಮಿಯ ಅಡಿ ಫಾರ್ಮಸಿ ಕಾಲೇಜು, ವೈದ್ಯಕೀಯ ಕಾಲೇಜು ಮತ್ತು ಮೂಲವಿಜ್ಞಾನ ಸಂಶೋಧನಾ ಕೇಂದ್ರ ಒಂದೇ ಛತ್ರದಡಿ ಇವೆ. ಐಸಿಎಂಆರ್‌ನ ರಾಷ್ಟ್ರೀಯ ಪಾರಂಪರಿಕ ವೈದ್ಯ ಸಂಸ್ಥೆಯೂ ಬೆಳಗಾವಿಯಲ್ಲೇ ಇದ್ದು, ಸಸ್ಯಮೂಲದ ಔಷಧಾಂಶಗಳ ಮೇಲೆ ಕೆಲಸ ಮಾಡಬಯಸುವವರು ಅಲ್ಲಿ ವಿಚಾರಿಸಬೇಕು. ರಾಣಿ ಚನ್ನಮ್ಮ ವಿಶ್ವವಿದ್ಯಾಲಯ ವಿಜ್ಞಾನ ವಿಭಾಗದವರಿಗೆ ಹತ್ತಿರದ ದಾರಿ. ವಿಜಯಪುರದಲ್ಲಿ ಬಿಎಲ್‌ಡಿಇ ಡೀಮ್ಡ್ ವಿಶ್ವವಿದ್ಯಾಲಯ ಮತ್ತು ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯಗಳಿವೆ. ಬಾಗಲಕೋಟೆಯ ಹಾನಗಲ್ ಶ್ರೀ ಕುಮಾರೇಶ್ವರ ಫಾರ್ಮಸಿ ಕಾಲೇಜಿನಂಥ ಕಡೆ ಸೇರಬಯಸುವವರು ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಪಿಎಚ್‌.ಡಿ. ಪ್ರಕಟಣೆಯನ್ನು ನೋಡಬೇಕಾಗುತ್ತದೆ.

ನನ್ನ ಅನಿಸಿಕೆಯನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ನ್ಯಾನೊಕಣ, ಲಿಪೊಸೋಮ್, ಬಾಯಿಯ ಒಳಪದರಕ್ಕೆ ಅಂಟುವ ಔಷಧ ಪಟ್ಟಿ ಮುಂತಾದ ಸಾಗಣೆಯ ಕೆಲಸವನ್ನು ನಮ್ಮ ಜಿಲ್ಲೆಗಳಲ್ಲೇ ಚೆನ್ನಾಗಿ ಮಾಡಬಹುದು. ನಿಪ್ಪಾಣಿಯ ತಂಬಾಕು ಬೆಳೆಯುವ, ಗುಟ್ಕಾ ಮತ್ತು ಜರ್ದಾ ಜಗಿಯುವ ನಮ್ಮ ನಾಡಿನಲ್ಲಿ ಬಾಯಿ ಕ್ಯಾನ್ಸರಿನ ರೋಗಿಗಳನ್ನು ಕಾಣದ ಊರಿಲ್ಲ; ಅಂಥ ಗಾಯದ ಜಾಗಕ್ಕೇ ಔಷಧ ತಲುಪಿಸುವ ಸಂಶೋಧನೆಗೆ ಇಲ್ಲಿಗಿಂತ ಅರ್ಥಪೂರ್ಣ ಸ್ಥಳ ಸಿಗುವುದು ಕಷ್ಟ. ಹೊಸ ಪ್ರೊಟ್ಯಾಕ್ ವಿನ್ಯಾಸ, ಪ್ರೋಟೀನ್ ರಚನೆಯ ಅಧ್ಯಯನ ಬೇಕೆಂದರೆ ಹೊರಗೆ ಹೋಗಲೇಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ (ಐಐಎಸ್‌ಸಿ) ಮತ್ತು ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ (ಎನ್‌ಸಿಬಿಎಸ್), ಹೈದರಾಬಾದಿನ ಕೋಶ ಮತ್ತು ಅಣು ಜೀವವಿಜ್ಞಾನ ಕೇಂದ್ರ (ಸಿಸಿಎಂಬಿ) ಮತ್ತು ಭಾರತೀಯ ರಾಸಾಯನಿಕ ತಂತ್ರಜ್ಞಾನ ಸಂಸ್ಥೆ (ಐಐಸಿಟಿ), ನವಿ ಮುಂಬೈನ ಖಾರ್ಘರ್‌ನಲ್ಲಿರುವ ಟಾಟಾ ಸ್ಮಾರಕ ಕೇಂದ್ರದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಆ್ಯಕ್ಟ್ರೆಕ್, ನೈಪರ್ ಸಂಸ್ಥೆಗಳನ್ನು ಪಟ್ಟಿ ಮಾಡಿಕೊಳ್ಳಿ. ಪ್ರತಿ ಸಂಸ್ಥೆಯ ಪ್ರವೇಶ ವಿಧಾನ ಬೇರೆ. ಉದಾಹರಣೆಗೆ ಎನ್‌ಸಿಬಿಎಸ್‌ಗೆ ಜೆಜೀಬಿಲ್ಸ್ ಎಂಬ ಪ್ರತ್ಯೇಕ ಪರೀಕ್ಷೆ ಇದೆ.

5. ಮಾರ್ಗದರ್ಶಕರನ್ನು ಪರಿಶೀಲಿಸಿ

ಶೋಧಗಂಗಾ ಜಾಲತಾಣದಲ್ಲಿ ಭಾರತದ ಪಿಎಚ್‌.ಡಿ. ಪ್ರಬಂಧಗಳು ಉಚಿತವಾಗಿ ಸಿಗುತ್ತವೆ. ಮಾರ್ಗದರ್ಶಕರ ಹೆಸರಿನಿಂದ ಹುಡುಕಿ, ಅವರ ಹಳೆಯ ವಿದ್ಯಾರ್ಥಿಗಳ ಎರಡು ಮೂರು ಪ್ರಬಂಧಗಳನ್ನು ಇಳಿಸಿಕೊಳ್ಳಿ. ಆರಂಭದ ಪುಟಗಳಲ್ಲಿ ಕೃತಜ್ಞತೆ ಇರುತ್ತದೆ. ಜೀವಕೋಶದ ಪರೀಕ್ಷೆಗೆ, ಕಣದ ಚಿತ್ರ ತೆಗೆಯಲು, ಪ್ರಾಣಿ ಪ್ರಯೋಗಕ್ಕೆ ಯಾವ ಯಾವ ಸಂಸ್ಥೆಗೆ ಧನ್ಯವಾದ ಹೇಳಿದ್ದಾರೆ ಎಂದು ನೋಡಿದರೆ, ಆ ಪ್ರಯೋಗಾಲಯದಲ್ಲಿ ಯಾವುದು ಇಲ್ಲ ಎಂಬುದು ತಿಳಿದುಬಿಡುತ್ತದೆ. ಅನುಬಂಧದಲ್ಲಿ ಪ್ರಾಣಿ ನೀತಿ ಸಮಿತಿಯ ಅನುಮತಿ ಪತ್ರ, ಪ್ರಕಟಿತ ಲೇಖನಗಳ ಪ್ರತಿ ಇರುತ್ತವೆ. ಲೇಖನಗಳು ದುಡ್ಡು ಕಟ್ಟಿದರೆ ವಾರದಲ್ಲಿ ಛಾಪಿಸುವ ಪತ್ರಿಕೆಗಳಲ್ಲೇ ಇದ್ದರೆ ಎಚ್ಚರ ವಹಿಸಿ.

ಬಳಿಕ ಅಲ್ಲಿ ಈಗ ಓದುತ್ತಿರುವವರನ್ನು ಭೇಟಿಯಾಗಿ, ಚಹಾಕ್ಕೆ ಕರೆದು ನೇರವಾಗಿ ಕೇಳಿ: ಎಚ್‌ಪಿಎಲ್‌ಸಿ ಯಂತ್ರ (ಔಷಧದ ಪ್ರಮಾಣ ಅಳೆಯುವ ಸಾಧನ) ಈಗ ನಡೆಯುತ್ತಿದೆಯೇ? ಸೆಲ್ ಕಲ್ಚರ್ ಕೋಣೆ ಇದ್ದರೆ ಅಲ್ಲಿ ಬ್ಯಾಕ್ಟೀರಿಯಾ, ಮೈಕೊಪ್ಲಾಸ್ಮಾ ಸೋಂಕಿನ ಪರೀಕ್ಷೆ ಮಾಡುತ್ತಾರೆಯೇ? ಸಾಮಗ್ರಿಯ ಹಣ ಯೋಜನೆಯಿಂದ ಬರುತ್ತದೆಯೇ, ವಿದ್ಯಾರ್ಥಿ ಕೊಡಬೇಕೇ? ಮಾರ್ಗದರ್ಶಕರು ಬರೆದದ್ದನ್ನು ಎಷ್ಟು ದಿನದಲ್ಲಿ ತಿದ್ದಿ ಕೊಡುತ್ತಾರೆ?

6. ಮೊದಲ ಮಿಂಚಂಚೆ

‘ರೆಸ್ಪೆಕ್ಟೆಡ್ ಸರ್’ ಎಂದು ಆರಂಭಿಸಿ ಐವತ್ತು ಮಂದಿಗೆ ಒಂದೇ ಪತ್ರ ಕಳಿಸಿದರೆ ಉತ್ತರ ಬರುವುದಿಲ್ಲ. ಹೆಸರು ಹಿಡಿದು ಬರೆಯಿರಿ. ಮೊದಲ ವಾಕ್ಯದಲ್ಲಿ ನೀವು ಯಾರು, ಯಾವ ಅರ್ಹತೆ ಇದೆ; ಎರಡನೆಯದರಲ್ಲಿ ಅವರ ಯಾವ ಲೇಖನ ಓದಿದಿರಿ, ಅದರಲ್ಲಿ ಯಾವ ಚಿತ್ರ ಅಥವಾ ಫಲಿತಾಂಶ ನಿಮ್ಮಲ್ಲಿ ಪ್ರಶ್ನೆ ಎಬ್ಬಿಸಿತು; ಮೂರನೆಯದರಲ್ಲಿ ನಿಮ್ಮ ಕೈ ಪಳಗಿದ ತಂತ್ರ ಯಾವುದು; ಕೊನೆಗೆ, ಮುಂದಿನ ಪ್ರವೇಶದಲ್ಲಿ ಜಾಗ ಇದೆಯೇ ಎಂಬ ನೇರ ಪ್ರಶ್ನೆ. ‘ಎಂ.ಫಾರ್ಮ್ ಯೋಜನೆಯಲ್ಲಿ ಕರ್ಕ್ಯುಮಿನ್ ನ್ಯಾನೊಕಣ ತಯಾರಿಸಿ, ಅದರ ಗಾತ್ರ ಮತ್ತು ಒಳಗೆ ಸೇರಿದ ಔಷಧದ ಪ್ರಮಾಣವನ್ನು ನಾನೇ ಅಳೆದಿದ್ದೇನೆ’ ಎಂಬ ಒಂದು ಸಾಲು, ‘ಕ್ಯಾನ್ಸರ್ ಸಂಶೋಧನೆಯಲ್ಲಿ ಅಪಾರ ಆಸಕ್ತಿ ಇದೆ’ ಎಂಬ ಹತ್ತು ಸಾಲಿಗಿಂತ ಬೆಲೆಯುಳ್ಳದ್ದು. ಎರಡು ವಾರ ಕಾದು ಒಮ್ಮೆ ನೆನಪಿಸಿ. ಮತ್ತೂ ಉತ್ತರ ಬಾರದಿದ್ದರೆ ಮುಂದಿನವರಿಗೆ ಬರೆಯಿರಿ.

7. ಸಿನಾಪ್ಸಿಸ್ ಬರೆಯುವಾಗ

ಸಿನಾಪ್ಸಿಸ್ ಎಂದರೆ ಸಂಶೋಧನೆಯ ರೂಪರೇಖೆ. ಇದರಲ್ಲಿ ಆಸೆ ಕಡಿಮೆ ಇರಲಿ, ನಿಯಂತ್ರಣ ಪ್ರಯೋಗಗಳು, ಅಂದರೆ ಫಲಿತಾಂಶವನ್ನು ಹೋಲಿಸಿ ನೋಡಲು ಮಾಡುವ ಪ್ರಯೋಗಗಳು, ಹೆಚ್ಚಿರಲಿ. ಎಂಜೆಡ್1 ಪ್ರೊಟ್ಯಾಕ್‌ನ ಉದಾಹರಣೆ ತೆಗೆದುಕೊಳ್ಳೋಣ. ಇದು ವಿಎಚ್‌ಎಲ್ ಎಂಬ ಇ3 ಲೈಗೇಸಿನ ನೆರವಿನಿಂದ, ಕ್ಯಾನ್ಸರ್ ಬೆಳವಣಿಗೆಗೆ ನೆರವಾಗುವ ಬಿಆರ್‌ಡಿ4 ಪ್ರೋಟೀನನ್ನು ನಾಶ ಮಾಡುತ್ತದೆ. ಅದನ್ನು ನ್ಯಾನೊಕಣದಲ್ಲಿ ತುಂಬಿ ಕ್ಯಾನ್ಸರ್ ಜೀವಕೋಶಗಳಿಗೆ ಕೊಟ್ಟಿರಿ ಎನ್ನೋಣ. ಬಿಆರ್‌ಡಿ4 ಎಷ್ಟು ಉಳಿದಿದೆ ಎಂದು ನೋಡಲು ವೆಸ್ಟರ್ನ್ ಬ್ಲಾಟ್ ಮಾಡುತ್ತೀರಿ, ಅಂದರೆ ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಿ ಪ್ರತಿಕಾಯದಿಂದ ಗುರುತಿಸುವ ಪರೀಕ್ಷೆ. ಅದರಲ್ಲಿ ಕನಿಷ್ಠ ಆರು ಸಾಲುಗಳಿರಬೇಕು. ಏನೂ ಕೊಡದ ಜೀವಕೋಶ ಮೊದಲನೆಯದು. ಔಷಧವಿಲ್ಲದ ಖಾಲಿ ನ್ಯಾನೊಕಣ ಎರಡನೆಯದು. ಇಲ್ಲೂ ಬಿಆರ್‌ಡಿ4 ಕಡಿಮೆಯಾದರೆ ನಿಮ್ಮ ಕಣವೇ ಜೀವಕೋಶಕ್ಕೆ ವಿಷವಾಗಿದೆ ಎಂದರ್ಥ. ಮೂರನೆಯದು ಬರೀ ಎಂಜೆಡ್1, ನಾಲ್ಕನೆಯದು ಕಣದೊಳಗಿನ ಎಂಜೆಡ್1. ಐದನೆಯದು ಸಿಸ್-ಎಂಜೆಡ್1, ಅಂದರೆ ವಿಎಚ್‌ಎಲ್‌ಗೆ ಅಂಟಲಾರದ ಅದರ ನಿಷ್ಕ್ರಿಯ ರೂಪ. ಆರನೆಯದರಲ್ಲಿ ಎಂಜೆಡ್1 ಜೊತೆ ಪ್ರೋಟಿಯಾಸೋಮನ್ನು ತಡೆಯುವ ಎಂಜಿ-132 ಸೇರಿಸುತ್ತೀರಿ. ಪ್ರೋಟೀನ್ ಮತ್ತೆ ಕಾಣಿಸಿಕೊಂಡರೆ ಅದು ನಿಜಕ್ಕೂ ಪ್ರೋಟಿಯಾಸೋಮಿನ ದಾರಿಯಲ್ಲೇ ನಾಶವಾಗುತ್ತಿತ್ತು ಎಂದು ಸಾಬೀತಾಗುತ್ತದೆ. ಇಷ್ಟನ್ನು ರೂಪರೇಖೆಯಲ್ಲಿ ಬರೆದವರ ಅರ್ಜಿಯನ್ನು ಯಾವ ಸಮಿತಿಯೂ ಹಗುರವಾಗಿ ಕಾಣುವುದಿಲ್ಲ.

ಪ್ರೊಟ್ಯಾಕ್‌ಗೆ ಇನ್ನೊಂದು ವಿಚಿತ್ರ ಗುಣವಿದೆ: ಪ್ರಮಾಣ ಮಿತಿ ಮೀರಿದರೆ ಪರಿಣಾಮ ಕುಗ್ಗುತ್ತದೆ. ಅಣುಗಳು ಹೆಚ್ಚಾದಾಗ ಕೆಲವು ಪ್ರೋಟೀನಿಗೆ, ಕೆಲವು ಲೈಗೇಸಿಗೆ ಬೇರೆ ಬೇರೆಯಾಗಿ ಅಂಟಿಕೊಂಡು ಎರಡೂ ಕೂಡುವುದೇ ತಪ್ಪುತ್ತದೆ. ಇದಕ್ಕೆ ಹುಕ್ ಎಫೆಕ್ಟ್ ಎನ್ನುತ್ತಾರೆ. ಒಂದೇ ದೊಡ್ಡ ಪ್ರಮಾಣದಲ್ಲಿ ಪರೀಕ್ಷಿಸಿ ‘ಕೆಲಸ ಮಾಡಲಿಲ್ಲ’ ಎಂದು ಕೈಬಿಡಬೇಡಿ. ಅತಿ ಕಡಿಮೆಯಿಂದ ಹೆಚ್ಚಿನವರೆಗೆ ಹಲವು ಪ್ರಮಾಣಗಳನ್ನು ಯೋಜಿಸಿ.

ರೋಗನಿರೋಧಕ ಶಕ್ತಿ ಇಲ್ಲದ ಇಲಿಗಳಲ್ಲಿ ಮನುಷ್ಯರ ಗಡ್ಡೆ ಬೆಳೆಸುವ ಪ್ರಯೋಗವನ್ನು ಸಿನಾಪ್ಸಿಸ್‌ನಲ್ಲಿ ಸುಮ್ಮನೆ ಬರೆದುಬಿಡುವುದು ಬಹಳ ಜನ ಮಾಡುವ ತಪ್ಪು. ಅಂಥ ಇಲಿಗಳಿಗೆ ಸೋಂಕಿಲ್ಲದ ವಿಶೇಷ ವಸತಿ ಬೇಕು, ಸಾಮಾನ್ಯ ಪ್ರಾಣಿಗೃಹದಲ್ಲಿ ಅವು ಬದುಕುವುದಿಲ್ಲ. ಎಲ್ಲಿ, ಯಾರ ಅನುಮತಿಯಿಂದ ಮಾಡುತ್ತೀರಿ ಎಂದು ಒಪ್ಪಂದವಾದ ಮೇಲೆಯೇ ಬರೆಯಿರಿ. ಸೆಲ್ ಲೈನ್‌ಗಳನ್ನು, ಅಂದರೆ ಪ್ರಯೋಗಾಲಯದಲ್ಲಿ ನಿರಂತರವಾಗಿ ಬೆಳೆಸುವ ಜೀವಕೋಶಗಳನ್ನು, ಗೆಳೆಯರ ಪ್ರಯೋಗಾಲಯದಿಂದ ಇಸಿದುಕೊಳ್ಳುವ ಬದಲು ಪುಣೆಯ ರಾಷ್ಟ್ರೀಯ ಜೀವಕೋಶ ವಿಜ್ಞಾನ ಕೇಂದ್ರದ ಭಂಡಾರದಿಂದ ತರಿಸಿ.

ಬೇರೆಯವರ ಬರಹವನ್ನು ನಕಲಿಸುವ ಅಭ್ಯಾಸವನ್ನು ಇಲ್ಲಿಯೇ ಬಿಡಿ. ಯುಜಿಸಿಯ 2018ರ ನಿಯಮದಂತೆ ಹೋಲಿಕೆ ಶೇ 10 ದಾಟಿದರೆ ಕ್ರಮ ಆರಂಭವಾಗುತ್ತದೆ.

8. ವಿದೇಶಕ್ಕೆ ಹೋಗುವುದಾದರೆ

ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದಲ್ಲಿ ಪ್ರೋಟೀನ್ ವಿಘಟನೆಗೆಂದೇ ಒಂದು ಕೇಂದ್ರವಿದೆ. ಮೇಲೆ ಹೇಳಿದ ಎಂಜೆಡ್1 ಕೂಡ ಡಂಡೀಯಿಂದಲೇ ಬಂದದ್ದು. ಜರ್ಮನಿಯ ಫ್ರಾಂಕ್‌ಫರ್ಟ್ ಭಾಗದಲ್ಲಿ ಪ್ರಾಕ್ಸಿಡ್ರಗ್ಸ್ ಎಂಬ ಸಂಶೋಧನಾ ಕೂಟ ಕೆಲಸ ಮಾಡುತ್ತಿದೆ. ಬ್ರಿಟನ್ನಿನ ಜಾಹೀರಾತುಗಳಲ್ಲಿ ‘ಪೂರ್ಣ ಧನಸಹಾಯ’ ಎಂದಿದ್ದರೂ ಅದು ಸ್ವದೇಶಿ ವಿದ್ಯಾರ್ಥಿಗಳ ಶುಲ್ಕಕ್ಕೆ ಮಾತ್ರ ಸೀಮಿತವಾಗಿರಬಹುದು. ವಿದೇಶಿಯರ ಹೆಚ್ಚುವರಿ ಶುಲ್ಕ ಯಾರು ಕಟ್ಟುತ್ತಾರೆ ಎಂದು ಲಿಖಿತವಾಗಿ ಕೇಳಿ.

ಯುರೋಪ್ ಒಕ್ಕೂಟದ ಮೇರಿ ಕ್ಯೂರಿ ಡಾಕ್ಟರಲ್ ನೆಟ್‌ವರ್ಕ್‌ಗಳಲ್ಲಿ ವಿದ್ಯಾರ್ಥಿಯನ್ನು ಸಂಬಳದ ನೌಕರರಾಗಿ ನೇಮಿಸಿಕೊಳ್ಳುತ್ತಾರೆ, ರಾಷ್ಟ್ರೀಯತೆಯ ನಿರ್ಬಂಧವಿಲ್ಲ. ನೇಮಕಕ್ಕೆ ಹಿಂದಿನ 36 ತಿಂಗಳಲ್ಲಿ ಆ ದೇಶದಲ್ಲಿ 12 ತಿಂಗಳಿಗಿಂತ ಹೆಚ್ಚು ವಾಸವಾಗಿರಬಾರದು ಎಂಬ ನಿಯಮ ನಮ್ಮವರಿಗೆ ಅನುಕೂಲವೇ ಆಗಿದೆ. ಆದರೆ ಒಂದು ಮಾತು: ಜರ್ಮನಿಯಲ್ಲಿ ಎರಡು ವರ್ಷ ಎಂ.ಎಸ್. ಓದಿ ಅಲ್ಲೇ ಈ ಹುದ್ದೆಗೆ ಅರ್ಜಿ ಹಾಕಿದರೆ ಅದೇ ನಿಯಮ ಅಡ್ಡ ಬರುತ್ತದೆ. ಹುದ್ದೆಗಳು ಯುರಾಕ್ಸೆಸ್ ಜಾಲತಾಣದಲ್ಲಿ ವರ್ಷವಿಡೀ ಪ್ರಕಟವಾಗುತ್ತವೆ. ಅಮೆರಿಕದ ಅರ್ಜಿಗಳ ಕೊನೆಯ ದಿನ ಬಹುತೇಕ ಡಿಸೆಂಬರ್ ಮೊದಲ ಪಾಕ್ಷಿಕದಲ್ಲಿರುತ್ತದೆ. ಶಿಫಾರಸು ಪತ್ರ ಬರೆದುಕೊಡುವ ಅಧ್ಯಾಪಕರಿಗೆ ಸೆಪ್ಟೆಂಬರ್‌ನಲ್ಲೇ ಹೇಳಿಡಿ, ನಿಮ್ಮ ಅಂಕಪಟ್ಟಿ ಮತ್ತು ಯೋಜನಾ ವರದಿಯನ್ನು ಅವರ ಕೈಗೆ ಕೊಡಿ. ಪತ್ರವನ್ನು ಅವರು ಕಾಲೇಜಿನ ಅಧಿಕೃತ ಮಿಂಚಂಚೆ ವಿಳಾಸದಿಂದಲೇ ಕಳಿಸಬೇಕು. ಅಂಥ ವಿಳಾಸ ಅವರಿಗೆ ಇಲ್ಲದಿದ್ದರೆ, ಅದನ್ನು ಮಾಡಿಸಿಕೊಡುವಂತೆ ಪ್ರಾಚಾರ್ಯರಿಗೆ ಆ ತಿಂಗಳಲ್ಲೇ ವಿನಂತಿ ಪತ್ರ ಕೊಡಿ.